ಕಿವಿ ಕೇಳದವನು ಹೇಗೆ ಆಡಿದ?

ಅಮೆರಿಕದ ಹಳೇ ಬೇಸ್‌ಬಾಲ್ ಆಟಗಾರ ವಿಲಿಯಂ ಹೊಯ್ ಬಗ್ಗೆ ಬಾಯಿ ಬಿಟ್ಟರೆ ಸಾಕು, ನನಗೆ ಬರುವುದು ಒಂದೇ ಪ್ರಶ್ನೆ. "ಪಾಪ, ಕಿವಿನೇ ಕೇಳದೆ ಹೇಗೆ ಆಡ್ತಿದ್ದ?" ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಕಣ್ಣಲ್ಲಿ ನೋಡಿ ಆಡುತ್ತಿದ್ದ. ಚೆಂಡನ್ನು ನೋಡಬೇಕು ತಾನೇ? ತೊಂದರೆ ಇದ್ದದ್ದು ಒಂದೇ ಕಡೆ. ಹೊಡೆಯದೆ ಬಿಟ್ಟ ಚೆಂಡು ಸರಿಯಾದ ಜಾಗದಲ್ಲಿ ಬಂದಿದ್ದರೆ 'ಸ್ಟ್ರೈಕ್', ಆಚೀಚೆ ಹೋಗಿದ್ದರೆ 'ಬಾಲ್'. ಆಗ ಅಂಪೈರ್ ಅದನ್ನು ಬರೀ ಬಾಯಲ್ಲಿ ಕೂಗುತ್ತಿದ್ದ. 1886ರಲ್ಲಿ ಆಷ್‌ಕಾಷ್ ತಂಡದಲ್ಲಿದ್ದಾಗ, ಏನು ಕೂಗಿದರು ಎಂದು ಹೊಯ್ ಹಿಂದೆ ತಿರುಗಿ ಕೇಳುವಷ್ಟರಲ್ಲಿ ಪಿಚರ್ ಮುಂದಿನ ಚೆಂಡು ಎಸೆದುಬಿಡುತ್ತಿದ್ದ. ಮೂರನೇ ಬೇಸ್ (ಓಡಿ ಮುಟ್ಟಬೇಕಾದ ಗುರುತು) ಹತ್ತಿರ ನಿಲ್ಲುವ ತನ್ನದೇ ಕೋಚ್‌ಗೆ ಹೊಯ್ ಕೈ ಎತ್ತಿ ತೋರಿಸಲು ಹೇಳಿದ. ಎಡಗೈ ಎತ್ತಿದರೆ ಬಾಲ್, ಬಲಗೈ ಎತ್ತಿದರೆ ಸ್ಟ್ರೈಕ್. ಮರುವರ್ಷ ಅವನ ಬ್ಯಾಟಿಂಗ್ ಸರಾಸರಿ, ಅಂದರೆ ಬ್ಯಾಟ್ ಹಿಡಿದಾಗ ಹಿಟ್ (ಚೆಂಡು ಹೊಡೆದು ಬೇಸ್ ಮುಟ್ಟುವುದು) ಸಿಕ್ಕ ಪ್ರಮಾಣ, .219ರಿಂದ .367ಕ್ಕೆ ಏರಿತು. ಅಂಪೈರ್‌ಗಳ ಕೈಸನ್ನೆ ಅವನಿಂದಲೇ ಬಂತು ಅಂತಾರಲ್ಲ, ಅದಕ್ಕೆ ಗಟ್ಟಿ ಸಾಕ್ಷಿ ಇಲ್ಲ.

ನನಗೆ ಸಿಟ್ಟು ಬರುವುದು ಆ 'ಪಾಪ'ಕ್ಕೆ. ಹೋದ ವರ್ಷ ಒಂದು ಮದುವೆ ಊಟದಲ್ಲಿ ಪಕ್ಕದ ಎಲೆಯವರು ಮೂರು ಸಲ ಅಂದರು. ಕೈ ತೊಳೆಯುವಾಗ ಇನ್ನೊಂದು ಸಲ. ಏನು ಪಾಪ ರೀ? ವಾಷಿಂಗ್ಟನ್ ತಂಡಕ್ಕೆ ಬಂದ ಮೊದಲ ವರ್ಷವೇ, 1888ರಲ್ಲಿ, 82 ಬೇಸ್ ಕದ್ದು (ಪಿಚರ್ ಚೆಂಡು ಎಸೆಯುವಷ್ಟರಲ್ಲಿ ಮುಂದಿನ ಬೇಸ್‌ಗೆ ಓಡಿಬಿಡುವುದು) ಇಡೀ ನ್ಯಾಷನಲ್ ಲೀಗ್‌ಗೆ ಮೊದಲಿಗನಾದ. 1889ರ ಜೂನ್ 19ರಂದು ಒಂದೇ ಪಂದ್ಯದಲ್ಲಿ ದೂರದ ಔಟ್‌ಫೀಲ್ಡ್‌ನಿಂದ ಚೆಂಡು ಎಸೆದು, ಓಟ ಮುಗಿಯುವ ಹೋಮ್ ಪ್ಲೇಟ್‌ಗೆ ಓಡಿ ಬರುತ್ತಿದ್ದ ಮೂವರನ್ನು ಔಟ್ ಮಾಡಿದ. ಒಟ್ಟು ಎರಡು ಸಾವಿರಕ್ಕೂ ಜಾಸ್ತಿ ಹಿಟ್ ಹೊಡೆದ.

ಅವನ ಜೊತೆಯವರು ಹೇಗೆ ಆಡಿದರು ಅಂತ ಯಾಕೆ ಯಾರೂ ಕೇಳಲ್ಲ? ಚೆಂಡು ಮೇಲೆ ಹೋದಾಗ ಇಬ್ಬರು ಫೀಲ್ಡರ್‌ಗಳು ಒಟ್ಟಿಗೆ ಓಡಿ ಬಂದು ಡಿಕ್ಕಿ ಹೊಡೆಯುವ ಭಯ ಇರುತ್ತದೆ. ಸಿನ್ಸಿನಾಟಿಯಲ್ಲಿ ಅವನ ಪಕ್ಕದಲ್ಲಿ ನಿಲ್ಲುತ್ತಿದ್ದವನು ಸ್ಯಾಮ್ ಕ್ರಾಫರ್ಡ್. ಕ್ಯಾಚ್ ತನ್ನದು ಅನಿಸಿದರೆ ಹೊಯ್ ಗಂಟಲಿಂದ ಒಂದು ಸಣ್ಣ ಕೀರಲು ದನಿ ಹೊರಡಿಸುತ್ತಿದ್ದ. ಅದು ಕೇಳಿದ ಕೂಡಲೇ ಕ್ರಾಫರ್ಡ್ ಪಕ್ಕಕ್ಕೆ ಸರಿಯುತ್ತಿದ್ದ. ಇಬ್ಬರ ನಡುವೆ ಯಾವತ್ತೂ ಗೊಂದಲ ಆಗಲಿಲ್ಲವಂತೆ. ನ್ಯೂಯಾರ್ಕ್ ಜೈಂಟ್ಸ್‌ನಲ್ಲಿ ಲೂಥರ್ ಟೇಲರ್ ಎಂಬ ಇನ್ನೊಬ್ಬ ಕಿವುಡ ಪಿಚರ್ ಇದ್ದ. ಅವನಿಗಾಗಿ ಜೊತೆ ಆಟಗಾರರೇ ಕೈಭಾಷೆ ಕಲಿತರು. ಜನ ಇಬ್ಬರನ್ನೂ ಕರೆಯುತ್ತಿದ್ದದ್ದು 'ಡಮ್ಮಿ' ಎಂದೇ. ಆಗ ಮಾತು ಬಾರದವರಿಗೆಲ್ಲ ಅದೇ ಹೆಸರು.

1902ರ ಮೇ 16ರಂದು ಆ ಇಬ್ಬರೂ ಎದುರಾದರು. ಬ್ಯಾಟ್ ಹಿಡಿದು ಬಂದ ಹೊಯ್‌ಗೆ ಆಗ 39 ದಾಟುತ್ತಿತ್ತು. ನಿನ್ನನ್ನು ನೋಡಿ ಖುಷಿಯಾಯಿತು ಎಂದು ಟೇಲರ್‌ಗೆ ಕೈಯಲ್ಲೇ ಹೇಳಿದ. ಆಮೇಲೆ ಅದೇ ಪಂದ್ಯದಲ್ಲಿ ಎರಡು ಹಿಟ್ ಹೊಡೆದ.