ಶಬಿಯೆರ್ ಅಂದರೆ ಹೊಸಮನಿ

ಡಿಸೆಂಬರ್ 3ರಂದು, ಸಂತ ಫ್ರಾನ್ಸಿಸ್ ಕ್ಸೇವಿಯರ್ ಹಬ್ಬದ ದಿನ, ಹಳೇ ಗೋವಾದ ಬೊಮ್ ಜೀಸಸ್ ಬೆಸಿಲಿಕಾದ ಆಸುಪಾಸು ನಿಂತರೆ ಒಂದೇ ಹೆಸರು ಹಲವು ಬಗೆಯಲ್ಲಿ ಕಿವಿಗೆ ಬೀಳುತ್ತದೆ. ಇಂಗ್ಲಿಷ್ ರೂಢಿಯವರಿಗೆ ಝೇವಿಯರ್, ಪೋರ್ಚುಗೀಸ್ ಬಲ್ಲವರಿಗೆ ಶವಿಯೆರ್, ನಮ್ಮ ಮಂಗಳೂರಿನವರಿಗೆ ಕ್ಸೇವಿಯರ್. ಇಷ್ಟಕ್ಕೂ ಅದು ಮೊದಲಿಗೆ ಮನುಷ್ಯನ ಹೆಸರೇ ಅಲ್ಲ, ಮನೆಯ ಹೆಸರು.

ಸಂತರ ಸ್ವಂತ ಹೆಸರು ಫ್ರಾನ್ಸಿಸ್ ಅಷ್ಟೇ. ಅವರು 1506ರ ಏಪ್ರಿಲ್ 7ರಂದು ಹುಟ್ಟಿದ್ದು ಇಂದಿನ ಉತ್ತರ ಸ್ಪೇನಿನಲ್ಲಿದ್ದ ನವಾರ್ರ ರಾಜ್ಯದಲ್ಲಿ, ತಾಯಿಯ ಕಡೆಯಿಂದ ಬಂದ ಕೋಟೆಮನೆಯಲ್ಲಿ. ಆ ಕೋಟೆಯ ಹೆಸರೇ ಅವರಿಗೆ ಅಂಟಿತು. ಸ್ಪೇನ್-ಫ್ರಾನ್ಸ್ ಗಡಿಯ ಬಾಸ್ಕ್ ನಾಡಿನಲ್ಲಿ ಕುಲಕ್ಕಿಂತ ಮನೆಯೇ ಗುರುತು. ಒಂದೇ ತಾಯಿಯ ಮಕ್ಕಳು ಬೇರೆ ಬೇರೆ ಮನೆಯ ಹೆಸರು ಇಟ್ಟುಕೊಳ್ಳುವುದೂ ಇತ್ತು. 1622ರಲ್ಲಿ ಸಂತ ಪದವಿ ಸಿಕ್ಕ ಮೇಲೆ ಅಡ್ಡಹೆಸರೇ ಮಕ್ಕಳಿಗಿಡುವ ಹೆಸರಾಗಿ ಹರಡಿತು.

ಬಿಡಿಸಿ ನೋಡೋಣ. ಬಾಸ್ಕ್ ಭಾಷೆಯಲ್ಲಿ ‘ಎಚೆ’ ಮನೆ, ‘ಬೆರ್ರಿ’ ಹೊಸದು. ಅಲ್ಲಿ ಗುಣವಾಚಕ ನಾಮಪದದ ನಂತರ ಬರುವುದರಿಂದ ‘ಎಚೆಬೆರ್ರಿ’. ಧಾರವಾಡದ ಕಡೆಯ ಹೊಸಮನಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಈ ಹೆಸರು ಪಕ್ಕದ ನವಾರ್ರ-ಅರಗಾನ್ ಸೀಮೆಯ ಲ್ಯಾಟಿನ್ ಮೂಲದ ಆಡುಮಾತಿಗೆ ಸಿಕ್ಕಾಗ ಮೂರು ಬದಲಾವಣೆಗಳಾದವು. ಮೊದಲಿನ ಎಕಾರ ಉದುರಿತು. ‘ಚ’ ಸಡಿಲವಾಗಿ ‘ಶ’ ಆಯಿತು. ಒತ್ತು ಬಿದ್ದ ಎಕಾರ ‘ಇಯೆ’ ಎಂದು ಒಡೆಯಿತು. ಲ್ಯಾಟಿನ್ನಿನ ‘ತೆರ್ರ’ ಸ್ಪ್ಯಾನಿಷಿನಲ್ಲಿ ‘ತಿಯೆರ್ರ’ ಆದದ್ದೂ ಹೀಗೆಯೇ. ಕಡೆಗೆ ಉಳಿದದ್ದು ಶಬಿಯೆರ್ರೆ, ಶಬಿಯೆರ್. ಈ ದಾರಿ ಹಿಡಿಯದ ಎಚೆಬೆರ್ರಿಯಾ ಇಂದಿಗೂ ಬಾಸ್ಕರಲ್ಲಿ ಸಾಮಾನ್ಯ ಅಡ್ಡಹೆಸರು. ಪಶ್ಚಿಮದ ಬಿಸ್ಕಾಯದಲ್ಲಿ ಹೊಸದಕ್ಕೆ ‘ಬರ್ರಿ’ ಅನ್ನುವುದರಿಂದ ಅಲ್ಲಿ ಎಚೆಬರ್ರಿಯಾ.

ಜನ ಎಡವುವುದು ಅರ್ಥದಲ್ಲಿ. ಮಗುವಿನ ಹೆಸರುಗಳ ಪಟ್ಟಿಗಳಲ್ಲಿ ‘ಪ್ರಕಾಶಮಾನ’, ‘ಹೊಸ ಮನೆಯ ಒಡೆಯ’ ಎಂದೆಲ್ಲ ಬರೆದಿರುತ್ತಾರೆ. ಪ್ರಕಾಶಕ್ಕೆ ಆಧಾರವಿಲ್ಲ, ಒಡೆಯನನ್ನು ಸೂಚಿಸುವ ಪ್ರತ್ಯಯವೂ ಅಲ್ಲಿಲ್ಲ. ಮನೆ ಹಳೆಯದಾದರೂ ಹೆಸರು ಹೊಸದಾಗಿಯೇ ಉಳಿಯುತ್ತದೆ, ಅಷ್ಟೇ.

ಉಚ್ಚಾರದ ಗೊಂದಲಕ್ಕೆ ಎಕ್ಸ್ ಅಕ್ಷರ ಕಾರಣ. ಬಾಸ್ಕ್ ಮತ್ತು ಪೋರ್ಚುಗೀಸಿನಲ್ಲಿ ಅದು ಇಲ್ಲಿ ‘ಶ’. ಹಳೆಯ ಸ್ಪ್ಯಾನಿಷಿನಲ್ಲೂ ‘ಶ’ ಇತ್ತು. ಆಮೇಲೆ ಅದು ಗಂಟಲಿಗಿಳಿದು ‘ಖ’ದ ಹತ್ತಿರ ಬಂತು. 1815ರ ಕಾಗುಣಿತ ತಿದ್ದುಪಡಿಯ ನಂತರ ಅಲ್ಲಿ ಜೆ ಅಕ್ಷರದಿಂದ ಬರೆಯತೊಡಗಿದರು.

ಬಿ ಇದೆಯೋ ವಿ ಇದೆಯೋ ಎಂಬುದನ್ನೂ ಗಮನಿಸಬೇಕು. ಬಾಸ್ಕ್ ಪದಗಳ ಕಾಗುಣಿತದಲ್ಲಿ ವಿ ಬರುವುದಿಲ್ಲ. ಫುಟ್‌ಬಾಲ್ ನೋಡುವವರಿಗೆ ಸುಲಭದ ಗುರುತು: ಬಿ ಇರುವ ಶಬಿ ಅಲೊನ್ಸೊ ಬಾಸ್ಕ್, ವಿ ಇರುವ ಶಾವಿ ಹೆರ್ನಾಂದೆಸ್ ಕೆಟಲಾನ್. ಸ್ಪೇನಿನ ಸರ್ವಾಧಿಕಾರಿ ಫ್ರಾಂಕೊ ಕಾಲದಲ್ಲಿ ಈ ಆಯ್ಕೆಯೇ ಇರಲಿಲ್ಲ. 1938ರ ಆದೇಶದ ನಂತರ ನೋಂದಣಿ ಪುಸ್ತಕಕ್ಕೆ ಸ್ಪ್ಯಾನಿಷ್ ರೂಪವೇ ಬೇಕು, ಮನೆಯಲ್ಲಿ ಶಬಿಯೆರ್ ಎಂದು ಕರೆದರೂ ಸರಿ. 1977ರ ಜನವರಿಯ ಕಾನೂನು ಬಂದ ಮೇಲೆ ಹೆಸರನ್ನು ಬಾಸ್ಕ್ ರೂಪಕ್ಕೆ ಬದಲಿಸಿಕೊಳ್ಳುವ ದಾರಿ ತೆರೆಯಿತು. ಸರಿಯಾದ ಕಾಗುಣಿತ ಯಾವುದೆಂದು ಹೇಳಲು 1919ರಲ್ಲಿ ಹುಟ್ಟಿದ ಬಾಸ್ಕ್ ಭಾಷಾ ಅಕಾಡೆಮಿ ಎಉಸ್ಕಾಲ್ಚಾಯಿಂದಿಯ ಇದೆ.

ಕನ್ನಡದಲ್ಲಿ ಬರೆಯುವಾಗ ಬಾಸ್ಕ್ ವ್ಯಕ್ತಿಯಾದರೆ ಶಬಿಯೆರ್ ಎನ್ನಿ. ಗೋವಾದ ಸಂತರಿಗೆ ನಮ್ಮಲ್ಲಿ ಬೇರೂರಿರುವ ಕ್ಸೇವಿಯರ್ ಇರಲಿ. ಅದನ್ನು ತಿದ್ದಹೊರಟರೆ ಯಾರ ಬಗ್ಗೆ ಹೇಳುತ್ತಿದ್ದೀರಿ ಎಂದೇ ಓದುಗರಿಗೆ ತಿಳಿಯುವುದಿಲ್ಲ.