ಸ್ಟಾರ್ಟ್ ಆಗುತ್ತದೆ, ಥ್ರಾಟಲ್ ಕೊಟ್ಟರೆ ನಿಲ್ಲುತ್ತದೆ

ರಾತ್ರಿಯ ಗಾಳಿಗೆ ತೋಟದ ದಾರಿಗೆ ಅಡ್ಡಲಾಗಿ ಸಿಲ್ವರ್ ಓಕ್ ಬಿದ್ದಿತ್ತು. ಜೀಪು ಗೋಣಿಕೊಪ್ಪಲಿಗೆ ಹೊರಡಬೇಕು. ಮರ ಕೊಯ್ಯುವ ಚೈನ್‌ಸಾ ಮೂರನೇ ಎಳೆತಕ್ಕೆ ಸ್ಟಾರ್ಟ್ ಆಯಿತು, ಐಡಲ್‌ನಲ್ಲಿ ಚೆನ್ನಾಗೇ ಇತ್ತು. ಥ್ರಾಟಲ್ ಒತ್ತಿದರೆ ಮಾತ್ರ ಉಸಿರು ಕಟ್ಟಿದ ಹಾಗೆ ಆಗಿ ಆಫ್!

ಏರ್ ಫಿಲ್ಟರ್ ತೊಳೆದೆ. ಇಲ್ಲ. ಪ್ಲಗ್ ಬದಲಿಸಿದೆ. ಊಹೂಂ. ಕಾರ್ಬ್ಯುರೇಟರ್ ಸ್ಕ್ರೂ ತಿರುಗಿಸಲು ಹೊರಟಿದ್ದೆ (ಸುಮ್ನೆ ಕೈ ಹಾಕಬಾರದ ಜಾಗ ಅದು), ಆಗ ಟ್ಯಾಂಕ್ ನೆನಪಾಯಿತು. ಏಪ್ರಿಲ್‌ನಲ್ಲಿ ನೆರಳಿನ ಮರದ ಕೊಂಬೆ ಕಪಾತು ಮಾಡುವಾಗ ಹಾಕಿದ ಪೆಟ್ರೋಲ್ ಹಾಗೇ ಇದೆ! ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುತ್ತದೆ, ಅದು ನೀರು ಹೀರುತ್ತದೆ. ಕಕ್ಕಡದ (ಕೊಡಗಿನ ಜುಲೈ-ಆಗಸ್ಟ್ ತಿಂಗಳು) ಮಳೆಗೆ ಗೋಡೆಯೇ ಬೆವರುವಾಗ ಕೇಳಬೇಕಾ? ತಂತಿ ಕೊಕ್ಕೆ ಹಾಕಿ ಟ್ಯಾಂಕಿನೊಳಗಿನ ಫಿಲ್ಟರ್ ಎಳೆದೆ, ಲೋಳೆ ಲೋಳೆ. ಐಡಲ್‌ಗೆ ತೊಟ್ಟು ಪೆಟ್ರೋಲ್ ಸಾಕು. ಜೋರು ಮಾಡಿದರೆ ಜಾಸ್ತಿ ಬೇಕು, ಅದು ಬರುತ್ತಿರಲಿಲ್ಲ, ಅಷ್ಟೇ.

ಹೊಸ ಫಿಲ್ಟರ್, ಹೊಸ ಪೆಟ್ರೋಲ್, ನನ್ನ ಮಿಷಿನ್ ಲೆಕ್ಕದಲ್ಲಿ ಲೀಟರಿಗೆ 20 ಎಂಎಲ್ ಟೂ-ಸ್ಟ್ರೋಕ್ ಆಯಿಲ್. ಗರ್ರ್ ಅಂದಿತು.

ಅಜ್ಜನ ಕಾಲದ ಇಬ್ಬರು ಎಳೆಯುವ ಗರಗಸ ಇನ್ನೂ ಅಟ್ಟದಲ್ಲಿದೆ. ಅದಕ್ಕೆ ಪೆಟ್ರೋಲ್ ಹಳಸುವ ಚಿಂತೆ ಇರಲಿಲ್ಲ. ಆದರೆ ಆ ಕಡೆಯ ಹಿಡಿ ಹಿಡಿಯಲು ಈಗ ಮನೆಯಲ್ಲಿ ಯಾರಿದ್ದಾರೆ ಅಂತ ಒಂದು ಕ್ಷಣ ಅನಿಸಿತು.

ಜೀಪು ಹೊರಟಾಗ ಹನ್ನೊಂದು ಗಂಟೆ.