ಗೀಸರಿನ ಗುಂಡಿ 60ಕ್ಕೆ

ಬೆಂಗಳೂರಿನ ಚಳಿಗೆಂದು ನಮ್ಮ ಬಚ್ಚಲುಮನೆಯ 15 ಲೀಟರಿನ ಗೀಸರನ್ನು ಇಷ್ಟು ವರ್ಷ 75 ಡಿಗ್ರಿಯಲ್ಲೇ ಇಟ್ಟಿದ್ದೆವು. ಈ ಬೆಳಿಗ್ಗೆ ಅದನ್ನು 60ಕ್ಕೆ ಇಳಿಸಿದೆ. ಮೊನ್ನೆ ಅಮ್ಮ ಬಿಸಿನೀರಿನ ನಲ್ಲಿಯನ್ನಷ್ಟೇ ತಿರುಗಿಸಿ, ಒಡ್ಡಿದ ಕೈಯನ್ನು ಥಟ್ಟನೆ ಹಿಂದಕ್ಕೆಳೆದುಕೊಂಡದ್ದನ್ನು ಕಂಡ ಮೇಲೆ ಮನಸ್ಸು ತಡೆಯಲಿಲ್ಲ. 60 ಡಿಗ್ರಿಯ ನೀರು ಕೂಡ ಐದಾರು ಸೆಕೆಂಡುಗಳಲ್ಲಿ ಚರ್ಮವನ್ನು ಆಳವಾಗಿ ಸುಡಬಲ್ಲದು, ವಯಸ್ಸಾದವರ ಮತ್ತು ಮಕ್ಕಳ ತೆಳು ಚರ್ಮಕ್ಕೆ ಅಷ್ಟು ಹೊತ್ತೂ ಬೇಕಿಲ್ಲ. ಆದ್ದರಿಂದ ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು ಎಂಬ ಕ್ರಮವನ್ನೂ ಇಂದಿನಿಂದ ಮನೆಯಲ್ಲಿ ಪಾಲಿಸುತ್ತಿದ್ದೇವೆ. ಅಜ್ಜಿ ಹಂಡೆಯ ನೀರನ್ನು ಬೆರೆಸಿದ ಮೇಲೆ ಮೊಣಕೈ ಅದ್ದಿ ನೋಡದೆ ನಮ್ಮ ಮೈಮೇಲೆ ಒಂದು ಚೊಂಬು ನೀರನ್ನೂ ಸುರಿದವರಲ್ಲ.

ಹಾಗಿದ್ದರೆ 45ಕ್ಕೇ ಇಳಿಸಬಾರದೇಕೆ ಎಂದು ತಂಗಿ ಕೇಳಿದಳು. 20ರಿಂದ 45 ಡಿಗ್ರಿಯ ನಡುವೆ ನಿಂತ ನೀರಿನಲ್ಲಿ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯಬಲ್ಲದು. ಶವರಿನ ಸೂಕ್ಷ್ಮ ಹನಿಗಳೊಂದಿಗೆ ಅದು ಶ್ವಾಸಕೋಶ ಸೇರಿದರೆ ನ್ಯುಮೋನಿಯಾ ಬರುವ ಅಪಾಯವಿದೆ. 60 ಡಿಗ್ರಿಯಲ್ಲಿ ಅದರ ಬಹುಪಾಲು ಕೆಲವೇ ನಿಮಿಷಗಳಲ್ಲಿ ಸಾಯುತ್ತದೆ.

25 ಡಿಗ್ರಿಯ 15 ಲೀಟರ್ ನೀರನ್ನು 75ಕ್ಕೆ ಏರಿಸಲು ಸುಮಾರು 0.87 ಯೂನಿಟ್ ವಿದ್ಯುತ್ ಬೇಕು, 60ಕ್ಕಾದರೆ 0.61 ಸಾಕು. ಹೆಚ್ಚು ಕಾದ ನೀರಿಗೆ ಹೆಚ್ಚು ತಣ್ಣೀರು ಬೆರೆಯುವುದರಿಂದ ಈ ವ್ಯತ್ಯಾಸವೆಲ್ಲವೂ ಉಳಿತಾಯವಲ್ಲ, ನಿಜ. ಆದರೆ ಸ್ನಾನದ ನಂತರ ಗೀಸರಿನಲ್ಲೇ ಉಳಿದು ಆರುವ ನೀರಿನ ಶಾಖವಂತೂ ಪೂರ್ತಿ ನಷ್ಟವೇ. ಮೇಲಾಗಿ ನಮ್ಮದು ಬೋರ್‌ವೆಲ್ಲಿನ ಗಡಸು ನೀರು. ಅದು ಹೆಚ್ಚು ಕಾದಷ್ಟೂ ಕಾಯಿಲಿನ ಮೇಲೆ ಬಿಳಿ ಪದರ ಬೇಗ ಕಟ್ಟುತ್ತದೆ.